'ಬಾಯಿಬಡಕ' ಅಂದರೆ ಯಾರು? ಬೆಳಗಾವಿ ಕಡೆ ಈ ಮಾತು ಜಾಸ್ತಿ ಕೇಳುತ್ತೇನೆ, ಇದು ಬೈಗುಳವೇ?

ಹೇಳಬಾರದ್ದನ್ನೂ ಹೇಳಿಬಿಡುವವನು, ಗುಟ್ಟು ನಿಲ್ಲದ ಬಾಯಿಯವನು ಬಾಯಿಬಡಕ. ಹೆಂಗಸಾದರೆ ಬಾಯಿಬಡಕಿ. ಸುಮ್ನೆ ವಟವಟ ಅನ್ನುವವರಿಗೂ ಈ ಮಾತು ಸಲ್ಲುತ್ತದೆ.

ಪದ ಬಿಡಿಸಿದರೆ ಅರ್ಥ ತಾನೇ ಸಿಗುತ್ತದೆ. ಬಾಯಿ ಬಡಿಯುವವನು ಬಾಯಿಬಡಕ. ಕೊನೆಯ 'ಕ' ಆ ಕೆಲಸವನ್ನೇ ಚಾಳಿ ಮಾಡಿಕೊಂಡವನನ್ನು ತೋರಿಸುತ್ತದೆ. ಕುಡಿಯುವವನು ಕುಡುಕ, ತಿರಿದು ತಿನ್ನುವವನು ತಿರುಕ ಆದ ಹಾಗೆ. ಅಂದರೆ ಒಮ್ಮೆ ಬಾಯಿ ತಪ್ಪಿದವನು ಬಾಯಿಬಡಕ ಅಲ್ಲ, ಅದು ಅವನ ಸ್ವಭಾವವೇ ಆಗಿರಬೇಕು.

ಚಾಡಿಕೋರ ಬೇರೆ. ಅವನು ಬೇಕಂತಲೇ ಹೋಗಿ ಹಚ್ಚಿಕೊಡುತ್ತಾನೆ. ಬಾಯಿಬಡಕನಿಗೆ ಕೆಟ್ಟ ಬುದ್ಧಿ ಇರಬೇಕಂತಿಲ್ಲ, ಪಾಪ, ತಡೆಯೋಕೆ ಆಗಲ್ಲ ಅಷ್ಟೆ. ಮಗಳಿಗೆ ವರ ನೋಡುತ್ತಿರುವ ಸುದ್ದಿ ಇನ್ನೂ ಹೊರಬೀಳಬಾರದು ಅಂತಿದ್ದಾಗ ಮನೆಯವರು, 'ಅವನ ಮುಂದ ಹೇಳಬ್ಯಾಡ, ಬಾಯಿಬಡಕ ಅದಾನ' ಅನ್ನುವುದು ಇದಕ್ಕೇ.

ಬೈಗುಳವೇ ಅಂದರೆ, ಹಗುರವಾದದ್ದು. ಗೆಳೆಯರಲ್ಲಿ 'ಲೇ ಬಾಯಿಬಡಕ, ಸುಮ್ನಿರಲೇ' ಅಂದರೆ ನಗುತ್ತಾರೆ. ಹಿರಿಯರ ಎದುರಿಗೆ ಮಾತ್ರ ಅನ್ನಬೇಡಿ.

ಇದಕ್ಕಿಂತ ನನಗೆ ಇಷ್ಟ ಇನ್ನೊಂದು ಮಾತು: 'ಅವನ ಬಾಯಾಗ ಎಳ್ಳು ನೆನೆಯಂಗಿಲ್ಲ.' ಎಳ್ಳಿನಷ್ಟು ಸಣ್ಣ ಕಾಳು ಒದ್ದೆಯಾಗುವಷ್ಟು ಹೊತ್ತೂ ಬಾಯಿ ಮುಚ್ಚಿರುವುದಿಲ್ಲ ಅಂತ. ಮರಾಠಿಯಲ್ಲೂ ಇದೇ ಎಳ್ಳಿನ ಮಾತಿದೆ, 'ತೋಂಡಾತ ತೀಳ ಭಿಜತ ನಾಹೀ' ಅಂತಾರೆ. ಹಾಗಾಗಿ ಬೆಳಗಾವಿಯಲ್ಲಿ ಎರಡೂ ಭಾಷೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.