ಟಕೇಶಿಸ್ ಕಾಸಲ್‌ನಲ್ಲಿ ಕೊಳದ ಕಲ್ಲು ದಾಟುವಾಗ ಕೆಲವರು ಮಾತ್ರ ಮುಳುಗುದು ಯಾಕೆ?

ಎಲ್ಲ ಕಲ್ಲೂ ಒಂದೇ ತರ ಅಲ್ಲ ಮಾರಾಯ್ರೆ, ಅದೇ ಕಾರಣ. ಕೆಲವು ಅಡಿಯಲ್ಲಿ ಗಟ್ಟಿ ಕೂರಿಸಿದ್ದು, ಉಳಿದದ್ದು ಬರೀ ತೇಲುದು, ಮೇಲಿಂದ ನೋಡಿದ್ರೆ ವ್ಯತ್ಯಾಸ ಗೊತ್ತಾಗುದಿಲ್ಲ. (1986ರಲ್ಲಿ ಜಪಾನಲ್ಲಿ ಶುರುವಾದ ಟಿವಿ ಗೇಮ್ ಶೋ ಇದು, ನಾವೆಲ್ಲ ಪೋಗೋ ಚಾನೆಲಲ್ಲಿ ಜಾವೇದ್ ಜಾಫ್ರಿ ಹಿಂದಿ ಕಾಮೆಂಟ್ರಿ ಕೇಳ್ತಾ ನೋಡಿದ್ದು.)

ತೇಲುವ ವಸ್ತು ನಮ್ಮನ್ನು ಹೊರಬೇಕಾದ್ರೆ ನಮ್ಮ ತೂಕದಷ್ಟು ನೀರನ್ನು ಪಕ್ಕಕ್ಕೆ ತಳ್ಳಬೇಕು, 60 ಕೆಜಿ ಜನಕ್ಕೆ ಹೆಚ್ಚುಕಮ್ಮಿ 60 ಲೀಟರ್, ಅಂದ್ರೆ ಮನೆಗೆ ತರುವ 20 ಲೀಟರಿನ ಕ್ಯಾನ್ ಮೂರು. ಆ ಡೂಪ್ಲಿಕೇಟ್ ಕಲ್ಲಿಗೆ ಅಷ್ಟು ತಾಕತ್ತು ಎಲ್ಲಿಂದ, ಕಾಲಿಟ್ಟ ಕೂಡ್ಲೇ ಕೆಳಗೆ. ಅದಕ್ಕಿಂತ ಫಜೀತಿ ಎಂತ ಅಂದ್ರೆ ಮುಂದೆ ಹಾರ್ಲಿಕ್ಕೆ ಗಟ್ಟಿ ಆಧಾರ ಸಿಗುದಿಲ್ಲ, ಮಲ್ಪೆಯಲ್ಲಿ ಸಣ್ಣ ದೋಣಿಯಿಂದ ದಡಕ್ಕೆ ಹಾರಿದವ್ರಿಗೆ ಗೊತ್ತುಂಟು, ನಾವು ಮುಂದೆ ಹೋಗುವಾಗ ದೋಣಿ ಹಿಂದೆ ಜಾರ್ತದೆ, ಹಾರಿದ್ದು ಅರ್ಧ ವೇಸ್ಟ್.

ಜೋರು ಓಡುವವ್ರು ಕೆಲವು ಸಲ ಪಾರಾಗ್ತಾರೆ, ಕಲ್ಲು ಪೂರ್ತಿ ಮುಳುಗುವ ಮೊದ್ಲೇ ಕಾಲು ಎತ್ತಿ ಆಗಿರ್ತದೆ. ಮಳೆಗಾಲದಲ್ಲಿ ಪಾಚಿ ಹಿಡಿದ ಅಡಿಕೆ ಮರದ ಸಂಕ (ಕಾಲುಸೇತುವೆ) ದಾಟಿದ ನಮಗೆ ನಿಧಾನ ಹೋಗಿಯೇ ಅಭ್ಯಾಸ, ಅಲ್ಲಿ ಅದು ಸರಿ, ಸಂಕ ಮುಳುಗುದಿಲ್ಲ. ಇಲ್ಲಿ ನಿಧಾನ ಮಾಡಿದ್ರೆ ಸೀದಾ ಕೊಳಕ್ಕೆ.