ಪುಣೆಯಲ್ಲಿ ಬೆಟ್ಟದ ಗಿಡಗಳ ಮೇಲೆ ಪಿಎಚ್.ಡಿ. ಮಾಡಲೋ, ಬೆಂಗಳೂರಿನ ಡಿಎನ್‌ಎ ಲ್ಯಾಬ್ ಸೇರಲೋ?

ಎಂ.ಎಸ್ಸಿ. ಮುಗಿಯುತ್ತಾ ಬಂತು, ಪುಣೆಯ ಸಸ್ಯಶಾಸ್ತ್ರ ವಿಭಾಗದಲ್ಲಿ ಸಹ್ಯಾದ್ರಿಯ ಗಿಡಗಳ ವರ್ಗೀಕರಣ ಮಾಡುವ ಗೈಡ್ ಒಬ್ಬರು ಹೂಂ ಅಂದಿದ್ದಾರೆ, ಇತ್ತ ಬೆಂಗಳೂರಿನ ಡಿಎನ್‌ಎ ಲ್ಯಾಬೂ ಕರೆಯುತ್ತಿದೆ, ಮರಾಠಿ ಬರುವುದಿಲ್ಲ, ಹೊಸ ಪ್ರಭೇದ ಸಿಕ್ಕರೆ ಕೆಲಸ ಗಟ್ಟಿ ಅಂತಾರೆ ನಿಜವಾ. ಇಷ್ಟು ತಾನೆ ನಿಮ್ಮ ಪ್ರಶ್ನೆ? ಧಾರವಾಡದಿಂದ ಪುಣೆಗೆ ಬಂದಾಗ ನನ್ನ ತಲೆಯಲ್ಲಿದ್ದದ್ದೂ ಥೇಟ್ ಇದೇ. ಆ ಹೊಸ ಪ್ರಭೇದದ ಹುಳವೂ ಸೇರಿ.

ನಾನು ಹಿಡಿದದ್ದು ಎರಿಯೊಕಾಲಾನ್. ಹೆಸರು ಕೇಳದಿದ್ದರೂ ಗಿಡ ನೋಡಿರುತ್ತೀರಿ. ಮಳೆಗಾಲದ ಕೊನೆಗೆ ಗದ್ದೆ ಬದುವಿನಲ್ಲಿ, ನೀರು ಜಿನುಗುವ ಕಲ್ಲುಹಾಸಿನ ಮೇಲೆ, ದಾರದಂಥ ದಂಟಿನ ತುದಿಗೆ ಅಂಗಿಯ ಬಿಳಿ ಗುಂಡಿ ಹೊಲಿದ ಹಾಗೆ ಕಾಣುತ್ತದಲ್ಲ, ಅದು. ಮರಾಠಿಯಲ್ಲಿ ಗೇಂದ ಅನ್ನುತ್ತಾರೆ. ಲ್ಯಾಬಿನಲ್ಲಿ ಉಳಿದವರೆಲ್ಲ ಸೆರೊಪೀಜಿಯಾ, ಆರ್ಕಿಡ್, ಶಿವನೇರಿ ಕೋಟೆಯ ಬಂಡೆಸಂದಿನಲ್ಲಿ ಬೆಳೆಯುವ ಫ್ರೆರಿಯಾ ಅಂತ ಚೆಂದದ್ದನ್ನೆಲ್ಲ ಹಂಚಿಕೊಂಡಿದ್ದರು. ಫೋಟೋಕ್ಕೂ ಬರದ ಈ ಗಿಡ ನನ್ನ ಪಾಲಿಗೆ ಉಳಿಯಿತು. ಬೇಜಾರಾಗಿತ್ತು, ಸುಳ್ಳು ಯಾಕೆ ಹೇಳಲಿ.

ಕೆಲಸದ ಜಾಗ ಚಾಳಕೇವಾಡಿ. ಸಾತಾರಾದಿಂದ ಠೋಸೆಘರ್ ಜಲಪಾತ ದಾಟಿ ಮೇಲೆ ಹೋದರೆ ಸಾವಿರ ಮೀಟರಿಗೂ ಎತ್ತರದಲ್ಲಿ ಜಂಬಿಟ್ಟಿಗೆ ಕಲ್ಲಿನ ದೊಡ್ಡ ಬಯಲು, ತುಂಬ ಗಾಳಿಯಂತ್ರಗಳು. ಅಲ್ಲಿಯ ಜನ ಇಂಥ ಬಯಲಿಗೆ ಸಡಾ ಅನ್ನುತ್ತಾರೆ. ಕಾಸ್ ಕೂಡ ಇಂಥದ್ದೇ ಸಡಾ. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅದೂ ಸೇರಿತು, ಈಗ ಸೆಪ್ಟೆಂಬರ್ ಭಾನುವಾರ ಅಲ್ಲಿ ಹೂವಿಗಿಂತ ಸೆಲ್ಫಿಯೇ ಹೆಚ್ಚು. ಕಲ್ಲಿನ ಮೇಲೆ ಮಣ್ಣು ಅಂತ ಇರುವುದು ಎರಡು ಬೆರಳು. ಮಳೆ ನಾಲ್ಕು ತಿಂಗಳು ಅದನ್ನು ತೊಳೆದು ಸಾರಜನಕವನ್ನೂ ಒಯ್ಯುತ್ತದೆ. ಹಾಗಾಗಿಯೇ ಅಲ್ಲಿ ಡ್ರೊಸೆರಾ, ಯುಟ್ರಿಕ್ಯುಲೇರಿಯಾದಂಥ ಹುಳ ತಿನ್ನುವ ಗಿಡಗಳು ಅಷ್ಟೊಂದು. ಜೂನ್‌ನಿಂದ ಸೆಪ್ಟೆಂಬರ್ ತನಕ ಪಾದ ಮುಳುಗುವಷ್ಟು ನೀರು, ನವೆಂಬರಿಗೆ ಬರಿಗಾಲಿಡಲು ಆಗದಷ್ಟು ಕಾದ ಕಲ್ಲು. ಈ ನಡುವಿನ ಸಂದಿನಲ್ಲಿ ಗಿಡ ಹುಟ್ಟಿ, ಹೂ ಬಿಟ್ಟು, ಬೀಜ ಕಟ್ಟಿ, ಸಾಯಬೇಕು.

ಈಗ ಎರಿಯೊಕಾಲಾನ್‌ನ ಕಷ್ಟ ಏನು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಲೆಗೆ ಹೋಗುವುದಿಲ್ಲ. ಆ ಬಿಳಿ ಗುಂಡಿ ಒಂದು ಹೂವಲ್ಲ, ಹತ್ತಾರು ಹೂಗಳ ತಲೆ. ಒಣಗಿದ ತಲೆಯನ್ನು ಬಿಸಿನೀರಿನಲ್ಲಿ ನೆನೆಸಿ ಮೈಕ್ರೋಸ್ಕೋಪಿನ ಕೆಳಗಿಟ್ಟು ಎರಡು ಸೂಜಿಯಿಂದ ಬಿಡಿಸಬೇಕು. ಉಸಿರು ಬಿಟ್ಟರೆ ಹೂ ಹಾರಿಹೋಗುತ್ತದೆ, ಫ್ಯಾನ್ ಹಾಕುವ ಮಾತೇ ಇಲ್ಲ. ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಪುಷ್ಪಪತ್ರ ಬಿಡಿಯೋ ಕೂಡಿಕೊಂಡಿದೆಯೋ, ಪರಾಗಕೋಶ ಕರಿಯೋ ಬಿಳಿಯೋ, ಅಂಡಾಶಯಕ್ಕೆ ಎರಡು ಕೋಣೆಯೋ ಮೂರೋ ಅಂತ ಎಲ್ಲ ನೋಡಿದ ಮೇಲೂ ಎರಡು ಪ್ರಭೇದಗಳ ನಡುವೆ ಸಿಕ್ಕಿಬೀಳುತ್ತೀರಿ. ಆಗ ತೀರ್ಪು ಕೊಡುವುದು ಬೀಜ. ಒಂದು ಮಿಲಿಮೀಟರಿಗಿಂತ ಚಿಕ್ಕದು. ಆದರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಅದರ ಸಿಪ್ಪೆಯ ಮೇಲಿನ ಕೋಶಗಳ ಸಾಲು, ಅವುಗಳಿಂದ ಎದ್ದ ಕೂದಲಿನಂಥ ಮುಳ್ಳುಗಳು ಎಲ್ಲ ಕಾಣುತ್ತವೆ. ಆ ವಿನ್ಯಾಸ ನೋಡಿಯೇ ಪ್ರಭೇದ ಬೇರೆ ಅನ್ನುವುದು. ಆದರೆ ಬೀಜ ಬಲಿತಿರಬೇಕು. ಎಳೆಯದಾದರೆ ಸುಕ್ಕುಗಟ್ಟಿ ಏನೂ ಕಾಣುವುದಿಲ್ಲ.

ಒಂದು ಸೆಪ್ಟೆಂಬರಿನಲ್ಲಿ ಅಂಗೈ ಅಗಲದ ಹೊಂಡವೊಂದರ ಅಂಚಿನಲ್ಲಿ ಯಾವುದಕ್ಕೂ ಹೊಂದದ ಒಂದು ಗಿಡ ಸಿಕ್ಕಿತು. ಬಹಳ ಕುಳ್ಳು. ಪ್ರಭೇದ ಗುರುತಿಸುವ ಕೀಲಿಪಟ್ಟಿಯಲ್ಲಿ ಎಲ್ಲಿಂದ ಶುರು ಮಾಡಿದರೂ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ನಾನು ಶಿಸ್ತಾಗಿ ಎಲ್ಲ ಮಾಡಿದೆ. ಸಂಗ್ರಹದ ನಂಬರ್ ಕೊಟ್ಟೆ, ಹೂವಿನ ಬಣ್ಣ ಬರೆದೆ, ಪೇಪರಿನಲ್ಲಿ ಒತ್ತಿದೆ, ಡಿಎನ್‌ಎಗೆ ಬೇಕಾಗುತ್ತದೆ ಅಂತ ಎಲೆ ಸಿಲಿಕಾ ಜೆಲ್ಲಿಗೆ ಹಾಕಿದೆ, ಫೋನಿನಲ್ಲಿ ಜಿಪಿಎಸ್ ಗುರುತು ಹಾಕಿಕೊಂಡೆ. ಬೀಜ ಇನ್ನೂ ಎಳೆಯದಿತ್ತು. ಅಕ್ಟೋಬರ್ ಕೊನೆಗೆ ಬಂದು ತೆಗೆದುಕೊಂಡರಾಯಿತು, ಜಾಗ ಗೊತ್ತಿದೆಯಲ್ಲ ಅಂತ ಹೊರಟುಬಂದೆ.

ನನ್ನ ಪಿಎಚ್.ಡಿ. ತಿಂದದ್ದು ಈ ‘ಜಾಗ ಗೊತ್ತಿದೆಯಲ್ಲ’. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಫೋನಿನ ಜಿಪಿಎಸ್ ಬಯಲಿನಲ್ಲೂ ಐದಾರು ಮೀಟರ್ ಆಚೀಚೆ ತೋರಿಸುತ್ತದೆ. ಕಾಡಿನ ಮರಕ್ಕೆ, ಬಂಡೆಯ ಮೇಲಿನ ಪೊದೆಗೆ ಅಷ್ಟು ಸಾಕು. ಸಡಾದಲ್ಲಿ ಅಷ್ಟು ಜಾಗದೊಳಗೆ ನೀರಿನ ಆಳ ಎರಡು ಸಲ ಬದಲಾಗುತ್ತದೆ, ಆಳ ಬದಲಾದ ಕೂಡಲೇ ಎರಿಯೊಕಾಲಾನ್‌ನ ಪ್ರಭೇದವೂ ಬದಲಾಗುತ್ತದೆ. ಒಂದೇ ಹೊಂಡದಲ್ಲಿ ಮೂರು ನಾಲ್ಕು ಬಗೆ ಬೆರೆತು ನಿಂತಿರುತ್ತವೆ. ಸೆಪ್ಟೆಂಬರಿನಲ್ಲಿ ಅವುಗಳನ್ನು ಬೇರೆ ಮಾಡಿ ತೋರಿಸುವುದು ಪರಾಗಕೋಶದ ಬಣ್ಣ, ಎಲೆಯ ಬುಡ, ತಲೆಯ ಬಿಳುಪು. ಅಕ್ಟೋಬರ್ ಕೊನೆಗೆ ಪರಾಗಕೋಶ ಉದುರಿರುತ್ತದೆ, ಎಲೆ ಕೊಳೆತಿರುತ್ತದೆ, ತಲೆಗಳೆಲ್ಲ ಒಂದೇ ಹುಲ್ಲಿನ ಬಣ್ಣ. ನೀರು ಆರಿದ್ದರಿಂದ ಯಾವುದು ಹೊಂಡ, ಯಾವುದು ಅಂಚು ಅನ್ನುವುದೂ ತಿಳಿಯುವುದಿಲ್ಲ. ಬೀಜ ಸಿಗುವ ಹೊತ್ತಿಗೆ ಗಿಡದ ಗುರುತು ಇರುವುದಿಲ್ಲ, ಗುರುತು ಇರುವಾಗ ಬೀಜ ಇರುವುದಿಲ್ಲ. ಎರಡನ್ನೂ ಜೋಡಿಸಬೇಕಾದದ್ದು ಗಿಡದ ಬುಡದಲ್ಲಿ ಹೊಡೆದ ಒಂದು ಮೊಳೆ, ಅದಕ್ಕೆ ಕಟ್ಟಿದ ಅಲ್ಯೂಮಿನಿಯಂ ಚೀಟಿ. ನಾನು ಅದನ್ನು ಹೊಡೆದಿರಲಿಲ್ಲ. ಪ್ರತಿ ಗಾಳಿಯಂತ್ರದ ಕಂಬಕ್ಕೂ ಪೇಂಟಿನಲ್ಲಿ ನಂಬರ್ ಬರೆದಿರುತ್ತಾರೆ, ಆ ನಂಬರ್ ಬರೆದುಕೊಂಡು ಅಲ್ಲಿಂದ ಟೇಪು ಹಿಡಿದು ಅಳೆದಿದ್ದರೂ ನಡೆಯುತ್ತಿತ್ತು. ಅದೂ ಹೊಳೆಯಲಿಲ್ಲ.

ಅಕ್ಟೋಬರಿನಲ್ಲಿ ಹೋಗಿ ಮಂಡಿಯೂರಿ ಕೂತು ಕುಳ್ಳಾಗಿ ಕಂಡದ್ದನ್ನೆಲ್ಲ ಲಕೋಟೆಗೆ ತುಂಬಿಕೊಂಡು ಬಂದೆ. ಬೀಜದ ಚಿತ್ರ ಅದ್ಭುತವಾಗಿ ಬಂತು. ಲೇಖನ ಕಳಿಸಿದೆವು. ಪರಿಶೀಲಕರು ಕೇಳಿದ್ದು ಒಂದೇ: ಈ ಹೂವೂ ಈ ಬೀಜವೂ ಒಂದೇ ಗಿಡಗಳ ಗುಂಪಿನವು ಅನ್ನುವುದಕ್ಕೆ ಆಧಾರ ಏನು? ಆಧಾರ ಇರಲಿಲ್ಲ. ಬೀಜದಿಂದ ಡಿಎನ್‌ಎ ತೆಗೆದು ಹೋಲಿಸೋಣ ಅಂದರೆ ಇದ್ದಬದ್ದ ಬೀಜವನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಲೆಂದು ಚಿನ್ನ ಲೇಪಿಸಿ ಮುಗಿಸಿದ್ದೆ. ನಮ್ಮ ಲ್ಯಾಬಿನಲ್ಲಿ ಸೊಲ್ಲಾಪುರದ ಅಕ್ಕ ಒಬ್ಬರಿದ್ದರು, ಆ ಕಟ್ಟಡದಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ. ಪತ್ರ ಓದಿ, “ಅಲ್ಲೇ ಒಂದು ಮೊಳಿ ಬಡದು ಬರಾಕ ಏನಾಗಿತ್ತವಾ ನಿನಗ?” ಅಂದರು. ಗೈಡ್ ಸರ್ ಏನೂ ಅನ್ನಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು.

ಮುಂದಿನ ಮಳೆಗಾಲ ಬಂದು ಹೋಗುವ ತನಕ ಮಾಡುವುದಕ್ಕೇನೂ ಇಲ್ಲ, ಅದು ಈ ಕೆಲಸದ ಸ್ವಭಾವ. ಲ್ಯಾಬಿನ ಪ್ರಯೋಗ ಕೆಟ್ಟರೆ ಸೋಮವಾರ ಮತ್ತೆ ಮಾಡಬಹುದು, ಇಲ್ಲಿ ಇಡೀ ವರ್ಷ ಹೋಗುತ್ತದೆ. ಮರುವರ್ಷ ಹೋದಾಗ ಆ ಭಾಗದಲ್ಲಿ ಯಾರೋ ಮುರುಮು ಸುರಿದು ದಾರಿ ಅಗಲ ಮಾಡಿದ್ದರು. ಸುತ್ತ ಹುಡುಕಿದೆ, ಗಿಡ ಸಿಗಲಿಲ್ಲ. ನನ್ನ ಪ್ರಬಂಧದಲ್ಲಿ ಅದು ಹೆಸರಿಲ್ಲದ ಎರಿಯೊಕಾಲಾನ್ ಆಗಿಯೇ ಉಳಿಯಿತು, ಫೆಲೋಶಿಪ್ ಮುಗಿದ ಮೇಲೆ ಟ್ಯೂಷನ್ ಹೇಳಿ ಬರೆದು ಮುಗಿಸಿದೆ.

ನಿಮ್ಮ ಪ್ರಶ್ನೆಗೆ ಬರೋಣ. ವರ್ಗೀಕರಣವೋ ಡಿಎನ್‌ಎಯೋ ಅನ್ನುವ ಆಯ್ಕೆಯನ್ನೇ ನಾನು ಒಪ್ಪುವುದಿಲ್ಲ. ಪುಣೆಯಲ್ಲಿ ಈಗ ಬರೀ ಸೂಜಿ-ಮೈಕ್ರೋಸ್ಕೋಪ್ ಇಟ್ಟುಕೊಂಡು ಯಾರೂ ಕೂತಿಲ್ಲ, ಎಲ್ಲರೂ ಸೀಕ್ವೆನ್ಸ್, ಅಂದರೆ ಡಿಎನ್‌ಎಯ ಅಕ್ಷರ ಓದುವ ಕೆಲಸ, ಮಾಡುತ್ತಾರೆ. ಬೆಂಗಳೂರಿನಲ್ಲಿ ಕೂತು ನೀವು ತೆಗೆದ ಸೀಕ್ವೆನ್ಸಿಗೂ ಗಿಡ ಒಣಗಿಸಿ ಅಂಟಿಸಿದ ಒಂದು ಹಾಳೆ, ಆ ಹಾಳೆಗೆ ಒಂದು ನಂಬರ್, ನಂಬರಿಗೆ ಒಂದು ಜಾಗ ಬೇಕೇ ಬೇಕು. ಇಲ್ಲದಿದ್ದರೆ ಅದು ಯಾವ ಗಿಡದ್ದು ಅಂತ ನಾಳೆ ಯಾರೂ ತಪಾಸಣೆ ಮಾಡುವ ಹಾಗಿಲ್ಲ. ನೀವು ಕೇಳಬೇಕಾದದ್ದು ಗೈಡ್ ಬಗ್ಗೆ. ಅವರ ಹಳೆಯ ವಿದ್ಯಾರ್ಥಿಗಳನ್ನು ಹಿಡಿದು, ಹೂ ಇಲ್ಲದ ಕಾಲದಲ್ಲಿ ಸರ್ ಬೆಟ್ಟಕ್ಕೆ ಕಳಿಸುತ್ತಾರಾ ಅಂತ ಕೇಳಿ. ಸೆಪ್ಟೆಂಬರಿನಲ್ಲಿ ಎಲ್ಲರೂ ಕಳಿಸುತ್ತಾರೆ, ತಾವೂ ಬರುತ್ತಾರೆ, ಗ್ರೂಪ್ ಫೋಟೋ ಆಗುತ್ತದೆ. ಅಕ್ಟೋಬರ್ ಕೊನೆಗೆ, ಏಪ್ರಿಲಿನಲ್ಲಿ ಗೆಡ್ಡೆ ಅಗೆಯಲು ಕಳಿಸುವವರು ಕಡಿಮೆ.

ಹೊಸ ಪ್ರಭೇದದ ಆಸೆ ಮಾತ್ರ ಬಿಟ್ಟುಬಿಡಿ. ಪುಣೆಯ ಆಘಾರಕರ್ ಸಂಶೋಧನಾ ಸಂಸ್ಥೆಯವರು ಪ್ರಕಟಿಸಿದ, 2021ರ ಆರಂಭದಲ್ಲಿ ಸುದ್ದಿಯಾದ ಎರಡು ಎರಿಯೊಕಾಲಾನ್‌ಗಳಿವೆ. ಸಿಂಧುದುರ್ಗದ್ದು ಪಾರ್ವಿಸೆಫಾಲಂ, ನಮ್ಮ ಕುಮಟಾದ್ದು ಕರಾವಳೆನ್ಸೆ, ಕರಾವಳಿಯ ಹೆಸರನ್ನೇ ಇಟ್ಟಿದ್ದಾರೆ. ಅವರು ಹೊಸದು ಹುಡುಕುತ್ತೇವೆ ಅಂತ ಹೊರಟವರಲ್ಲ, ಪಶ್ಚಿಮ ಘಟ್ಟದಲ್ಲಿ ಈ ಕುಲ ಹೇಗೆ ವಿಕಾಸವಾಯಿತು ಅಂತ ನೋಡುತ್ತಿದ್ದವರು. ನಾನಾದರೋ ಹೊಸದರ ಹಿಂದೆ ಬಿದ್ದಿದ್ದೆ, ಅದಕ್ಕೇ ಗಡಿಬಿಡಿ. ಹೆಸರಿಡುವ ಅಂತರರಾಷ್ಟ್ರೀಯ ನಿಯಮಾವಳಿ ಕೇಳುವುದು ಬಹಳ ಕಡಿಮೆ: ಒಂದು ಮಾದರಿ ಹಾಳೆ, ಅದು ಯಾವ ಹರ್ಬೇರಿಯಮ್ಮಿನಲ್ಲಿ (ಒಣಗಿಸಿದ ಗಿಡಗಳ ಸಂಗ್ರಹದಲ್ಲಿ) ಇದೆ ಅನ್ನುವ ಮಾಹಿತಿ, ಲ್ಯಾಟಿನ್ನಿನಲ್ಲಿ ಇಲ್ಲವೇ 2012ರಿಂದ ಇಂಗ್ಲಿಷಿನಲ್ಲಿ ವಿವರಣೆ. ಬೀಜ ಕೇಳುವುದಿಲ್ಲ. ಕೇಳುವುದು ಆ ಗಿಡದ ಬಗ್ಗೆ ಇಪ್ಪತ್ತು ವರ್ಷ ತಲೆ ಕೆಡಿಸಿಕೊಂಡ ಪರಿಶೀಲಕರು. ಹೊಸ ಪ್ರಭೇದ ಸಿಕ್ಕರೆ ಕೆಲಸ ಸಿಗುತ್ತದೆ ಅನ್ನುವುದಂತೂ ಹಾಸ್ಟೆಲ್ ಮಾತು. ನೆಟ್ ಪರೀಕ್ಷೆ ಪಾಸಾಗಿ, ಸಾಧ್ಯವಾದರೆ ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ತೆಗೆದುಕೊಳ್ಳಿ. 2023ರಿಂದ ತಿಂಗಳಿಗೆ 37,000 ರೂಪಾಯಿ ಇದೆ. ಅದಿದ್ದರೆ ಫೀಲ್ಡಿಗೆ ಯಾರ ಮುಂದೂ ಕೈ ಒಡ್ಡಬೇಕಿಲ್ಲ. ನಾನೀಗ ಪುಣೆಯಲ್ಲೇ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಸಂದರ್ಶನದಲ್ಲಿ ಪ್ರಭೇದದ ಮಾತು ಯಾರೂ ಎತ್ತಲಿಲ್ಲ.

ಹಾಗಾದರೆ ಪುಣೆ ಯಾಕೆ? ಹರ್ಬೇರಿಯಮ್ಮಿಗೆ. ಗಣೇಶಖಿಂಡದಲ್ಲಿ ವಿಶ್ವವಿದ್ಯಾಲಯದ ವಿಭಾಗ, ಲಾ ಕಾಲೇಜು ರಸ್ತೆಯ ಆಸುಪಾಸಿನಲ್ಲಿ ಆಘಾರಕರ್, ಕೋರೆಗಾಂವ್ ಪಾರ್ಕಿನಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣೆಯ ಪಶ್ಚಿಮ ವಲಯ ಕೇಂದ್ರ, ಎಲ್ಲ ಒಂದೇ ಊರಿನ ಸಿಟಿ ಬಸ್ಸಿನಲ್ಲಿ. ಬೆಳಿಗ್ಗೆ ರೈಲು ಹತ್ತಿದರೆ ಮುಂಬೈಯ ಸೇಂಟ್ ಝೇವಿಯರ್ಸ್ ಕಾಲೇಜಿನ ಬ್ಲಾಟರ್ ಹರ್ಬೇರಿಯಂ ನೋಡಿ ರಾತ್ರಿ ಊಟಕ್ಕೆ ವಾಪಸ್. ಇದರಲ್ಲಿ ನಮ್ಮವರಿಗೆ ಇನ್ನೊಂದು ಲಾಭ ಇದೆ. ಧಾರವಾಡ, ಬೆಳಗಾವಿ, ಉತ್ತರ ಕನ್ನಡ 1956ರ ತನಕ ಮುಂಬೈ ಆಡಳಿತದಲ್ಲಿದ್ದವಲ್ಲ, ಹಾಗಾಗಿ ಆ ಕಾಲದವರು ಕಾರವಾರ, ಯಲ್ಲಾಪುರದ ಕಡೆ ಕಿತ್ತ ಗಿಡಗಳ ಹಾಳೆಗಳು ಈ ಕಪಾಟುಗಳಲ್ಲಿ ಸಿಗುತ್ತವೆ. ಹಳೆಯ ಹಾಳೆ ಮುಟ್ಟಿದ ಕೈಯಲ್ಲಿ ಊಟದ ಡಬ್ಬಿ ಬಿಚ್ಚಬೇಡಿ. ಹುಳ ಹಿಡಿಯದಿರಲಿ ಅಂತ ಅವಕ್ಕೆ ಮರ್ಕ್ಯುರಿಕ್ ಕ್ಲೋರೈಡ್ ಬಳಿಯುತ್ತಿದ್ದರು, ಅದು ವಿಷ.

ಅಭಯಾರಣ್ಯ, ಮೀಸಲು ಅರಣ್ಯದಲ್ಲಿ ಗಿಡ ಕೀಳಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಬೇಸಿಗೆಯಲ್ಲೇ ಅರ್ಜಿ ಹಾಕಿ, ಮಳೆ ಬಿದ್ದ ಮೇಲೆ ಹಾಕಿದರೆ ಕಡತ ಬರುವ ಹೊತ್ತಿಗೆ ಹೂ ಉದುರಿರುತ್ತದೆ. ಮಳೆಯಲ್ಲಿ ಪೇಪರು ಒಣಗುವುದಿಲ್ಲ, ಲಾಡ್ಜಿನಲ್ಲಿ ಇಸ್ತ್ರಿಪೆಟ್ಟಿಗೆ ಸಿಗುತ್ತದಾ ಕೇಳಿಕೊಂಡು ರೂಮು ಹಿಡಿಯಿರಿ.

ಮರಾಠಿಯ ಚಿಂತೆ ಬೇಡ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ವಿಭಾಗದೊಳಗೆ ಇಂಗ್ಲಿಷಿನಲ್ಲಿ ಸಾಗುತ್ತದೆ, ಬೆಟ್ಟದ ಮೇಲೆ ಸಾಗುವುದಿಲ್ಲ. ಮರುವರ್ಷ ನಾನು ಹುಡುಕುತ್ತಾ ಅಲೆಯುತ್ತಿದ್ದಾಗ ಎಮ್ಮೆ ಮೇಯಿಸುತ್ತಿದ್ದ ಧನಗರ ಸಮುದಾಯದ ಮಾವಶಿ (ಚಿಕ್ಕಮ್ಮ) ಒಬ್ಬರು ಕರೆದು ಕೂರಿಸಿಕೊಂಡರು. ದೀಪಾವಳಿ ತನಕ ನೀರು ಯಾವ ಹೊಂಡದಲ್ಲಿ ನಿಲ್ಲುತ್ತದೆ, ಯಾವುದು ದಸರೆಗೇ ಆರುತ್ತದೆ ಅಂತ ಕೋಲು ಚಾಚಿ ಒಂದೊಂದೇ ತೋರಿಸಿದರು. ಅದರಲ್ಲಿ ಅರ್ಧ ನನಗೆ ಅರ್ಥವಾಗಲಿಲ್ಲ. ಅರ್ಥವಾದ ಅರ್ಧದಿಂದ ಪ್ರಬಂಧದ ಒಂದು ಅಧ್ಯಾಯ ಆಯಿತು.

ಅರ್ಜಿ ಹಾಕುವ ಮೊದಲು ಆ ಗೈಡ್‌ಗೆ ಒಂದು ಮೇಲ್ ಕಳಿಸಿ, ಅಕ್ಟೋಬರ್ ಕೊನೆಗೆ ಫೀಲ್ಡಿಗೆ ವಿಭಾಗದ ಗಾಡಿ ಸಿಗುತ್ತದಾ ಅಂತ ಕೇಳಿ. ಎಸ್‌ಟಿ ಬಸ್ಸಿನಲ್ಲಿ ಹೋಗಿ ಅಂದರೂ ಪರವಾಗಿಲ್ಲ, ಪುಣೆಯ ಸ್ವಾರಗೇಟ್ ನಿಲ್ದಾಣದಿಂದ ಸಾತಾರಾಕ್ಕೆ ಇಡೀ ದಿನ ಬಸ್ಸಿದೆ. ಸೆಪ್ಟೆಂಬರಿನಲ್ಲೇ ಎಲ್ಲ ಮುಗಿಸಿಬಿಡಿ ಅಂದರೆ ಬೆಂಗಳೂರಿಗೇ ಹೋಗಿ.