ಸಂಧಿವಾತ ಇರುವವರ ಕಾಲಿನ ಹುಣ್ಣಿಗೆ ಸ್ಟೀರಾಯ್ಡ್ ಕೊಡಬಹುದಾ?

ನೀವು ಬರೆದದ್ದು ನನಗೆ ಅರ್ಥವಾದದ್ದು ಹೀಗೆ: ಅತ್ತೆಗೆ ತುಂಬಾ ವರ್ಷದಿಂದ ಸಂಧಿವಾತ (ರುಮಟಾಯ್ಡ್ ಆರ್ಥ್ರೈಟಿಸ್). ಕಾಲಿನಲ್ಲಿ ಒಂದು ಬೊಕ್ಕೆ ಎದ್ದು ಹುಣ್ಣಾಯಿತು. ಆಂಟಿಬಯೋಟಿಕ್‌ಗೆ ಬಗ್ಗಲಿಲ್ಲ. ಸರ್ಜನ್ ಕೆರೆದು ಕ್ಲೀನ್ ಮಾಡಿದ ಮೇಲೆ ಇನ್ನೂ ದೊಡ್ಡದಾಯಿತು. ಈಗ ಚರ್ಮದ ಡಾಕ್ಟರು ಪಯೋಡರ್ಮಾ ಗ್ಯಾಂಗ್ರಿನೋಸಮ್ ಎಂದು ಹೇಳಿ ಸ್ಟೀರಾಯ್ಡ್ ಬರೆದಿದ್ದಾರೆ. ತೆರೆದ ಹುಣ್ಣಿಗೆ ಸ್ಟೀರಾಯ್ಡ್ ಕೊಡಬಹುದಾ, ಕಾಲು ತೆಗೆಯಬೇಕಾಗುತ್ತದಾ, ಮೊದಲೇ ನಿಗದಿಯಾದ ಮೊಣಕಾಲಿನ ಆಪರೇಷನ್ ಏನು ಮಾಡುವುದು?

ಕೊಡಬಹುದು. ಕಾಯಿಲೆ ಅದೇ ಹೌದಾದರೆ ಸ್ಟೀರಾಯ್ಡೇ ಮುಖ್ಯ ಮದ್ದು. ನಾನು ಡಾಕ್ಟರಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಅಡಿಕೆ ಕೃಷಿಕ, ಸಂಧಿವಾತದ ಹಳೇ ಗಿರಾಕಿ, ಇದೇ ಹುಣ್ಣನ್ನು ಎಡಗಾಲಿನಲ್ಲಿ ಅನುಭವಿಸಿದವನು.

ನನ್ನದು ಶುರುವಾದದ್ದು ತೋಟದಲ್ಲಿ ಸೋಗೆ ಎಳೆಯುವಾಗ ಆದ ತರಚು ಗಾಯದಿಂದ. ಮೊದಲು ಸೊಳ್ಳೆ ಕಚ್ಚಿದ ಹಾಗೆ ಕೆಂಪು, ನಡುವೆ ಚೂರು ಕೀವು. ನೋಡ್ತಾ ನೋಡ್ತಾ ಒಡೆದು ಅಂಗೈಯ ಅರ್ಧದಷ್ಟಾಯಿತು. ಅಂಚಿನ ಬಣ್ಣ ನೇರಳೆ. ಆ ಅಂಚಿನ ಚರ್ಮ ಕೆಳಗಿನಿಂದ ಟೊಳ್ಳು. ನರ್ಸ್ ಹತ್ತಿಕಡ್ಡಿ ಇಟ್ಟರೆ ಅಂಚಿನ ಅಡಿಗೆ ಸಲೀಸಾಗಿ ಜಾರುತ್ತಿತ್ತು. ನೋವಿಗೂ ಹುಣ್ಣಿನ ಗಾತ್ರಕ್ಕೂ ತಾಳೆಯೇ ಇಲ್ಲ, ಹೊದಿಕೆ ತಾಗಿದರೂ ಜೀವ ಹೋದ ಹಾಗೆ. ಅತ್ತೆ "ಉರಿ ತಡೆಯಲಿಕ್ಕಾಗುವುದಿಲ್ಲ" ಎಂದರೆ ದಯವಿಟ್ಟು ನಂಬಿ. ನೋವಿನ ಮದ್ದನ್ನು ಬೇರೆಯಾಗಿಯೇ ಕೇಳಿ ಬರೆಸಿಕೊಳ್ಳಿ.

ಇದು ಸೋಂಕಲ್ಲ, ಹರಡುವುದಿಲ್ಲ. ರೋಗಾಣುವನ್ನು ಹೊಡೆಯಬೇಕಾದ ಬಿಳಿ ರಕ್ತಕಣಗಳು, ಮುಖ್ಯವಾಗಿ ನ್ಯೂಟ್ರೋಫಿಲ್‌ಗಳು, ಶತ್ರುವೇ ಇಲ್ಲದ ಕಡೆ ಗುಂಪುಗೂಡಿ ನಮ್ಮ ಚರ್ಮವನ್ನೇ ತಿನ್ನುತ್ತವೆ. ಸಂಧಿವಾತದಲ್ಲೂ ದೇಹದ ರಕ್ಷಣಾ ವ್ಯವಸ್ಥೆಯೇ ಗಂಟಿಗೆ ಮುಗಿಬೀಳುವುದು ಅಲ್ವಾ? ಹಾಗಾಗಿ ಎರಡನ್ನೂ ತಣಿಸುವ ಮದ್ದುಗಳು ಸುಮಾರು ಒಂದೇ. ಆದರೆ ಎರಡೂ ಒಟ್ಟಿಗೇ ಏರಿ ಇಳಿಯಬೇಕೆಂದಿಲ್ಲ. ಗಂಟುಗಳು ತಣ್ಣಗಿರುವಾಗಲೂ ಹುಣ್ಣು ಏಳಬಹುದು. ಕಲ್ಚರ್ ರಿಪೋರ್ಟಿನಲ್ಲಿ ಬ್ಯಾಕ್ಟೀರಿಯಾ ಕಂಡರೆ ಕೂಡಲೇ ಗಾಬರಿಯಾಗಬೇಡಿ. ತೆರೆದ ಹುಣ್ಣಿನ ಮೇಲೆ ಅವು ಇದ್ದೇ ಇರುತ್ತವೆ. ನಿಜವಾಗಿ ಸೋಂಕು ಸೇರಿಕೊಂಡಿದೆಯಾ ಎನ್ನುವುದನ್ನು ಡಾಕ್ಟರು ನೋಡಿ ಹೇಳಬೇಕು.

ಕೆರೆದ ಮೇಲೆ ಹೆಚ್ಚಾದದ್ದಕ್ಕೂ ಕಾರಣ ಇದೆ. ಈ ಕಾಯಿಲೆಯವರಲ್ಲಿ ಕೆಲವರಿಗೆ ಚರ್ಮಕ್ಕೆ ಪೆಟ್ಟಾದಲ್ಲೆಲ್ಲ ಹೊಸ ಹುಣ್ಣು ಏಳುತ್ತದೆ. ಇದಕ್ಕೆ ಪ್ಯಾಥರ್ಜಿ ಎನ್ನುತ್ತಾರೆ. ಚಾಕು ತಾಗಿದರೂ ಪೆಟ್ಟೇ. ಸರ್ಜನ್ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ, ಮಾಮೂಲಿ ಕೊಳೆತ ಹುಣ್ಣಿಗೆ ಕ್ಲೀನ್ ಮಾಡುವುದೇ ಸರಿ. 1930ರಲ್ಲಿ ಈ ಕಾಯಿಲೆಗೆ ಹೆಸರಿಟ್ಟ ಅಮೆರಿಕದ ಮೇಯೋ ಕ್ಲಿನಿಕ್‌ನ ಡಾಕ್ಟರುಗಳೇ ಸೋಂಕಿನ ಪಾತ್ರ ದೊಡ್ಡದು ಎಂದುಕೊಂಡಿದ್ದರು. ಕಾಲು ತೆಗೆಯುವ ಮಾತಂತೂ ಇದಕ್ಕೆ ಚಿಕಿತ್ಸೆಯಲ್ಲ, ತೆಗೆದ ಜಾಗದಲ್ಲೇ ಮತ್ತೆ ಹುಣ್ಣು ಏಳಬಹುದು.

ಒಂದು ವಿಷಯ ಮಾತ್ರ ಖಚಿತ ಮಾಡಿಕೊಳ್ಳಿ. ಇದನ್ನು ಹೌದೆಂದು ಹೇಳುವ ಒಂದೇ ಒಂದು ಟೆಸ್ಟ್ ಇಲ್ಲ. ಬೇರೆಯದೆಲ್ಲ ಅಲ್ಲ ಎಂದು ಬದಿಗಿಟ್ಟು ಇಲ್ಲಿಗೆ ಬರಬೇಕು. ಸಂಧಿವಾತದವರಿಗೆ ರಕ್ತನಾಳದ ಉರಿಯೂತದಿಂದಲೂ ಹುಣ್ಣಾಗುತ್ತದೆ. ವೇರಿಕೋಸ್, ರಕ್ತ ಸರಿಯಾಗಿ ಹರಿಯದಿರುವುದು, ಸಕ್ಕರೆ ಕಾಯಿಲೆ, ಚರ್ಮದ ಟಿಬಿ, ಫಂಗಸ್, ಕ್ಯಾನ್ಸರ್ ಎಲ್ಲವೂ ಇದೇ ವೇಷದಲ್ಲಿ ಬರಬಹುದು. ಹಾಗಾಗಿ ಹುಣ್ಣಿನ ಅಂಚಿನಿಂದ ಚೂರು ಬಯಾಪ್ಸಿ ತೆಗೆಯುತ್ತೇವೆಂದರೆ ತಡೆಯಬೇಡಿ. ಕೆರೆಯುವುದೇ ಬೇರೆ, ಇದೇ ಬೇರೆ. ಮಲದಲ್ಲಿ ರಕ್ತ, ದಿನವೂ ಭೇದಿ ಇದ್ದರೆ ನಾಚಿಕೆ ಬಿಟ್ಟು ಹೇಳಲಿ. ಈ ಹುಣ್ಣು ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಒಳಗೆ ಬೇರೊಂದು ಕಾಯಿಲೆ ಇರುತ್ತದೆ, ಸಂಧಿವಾತದ ಜೊತೆಗೆ ಕರುಳಿನ ಉರಿಯೂತ, ರಕ್ತದ ಕಾಯಿಲೆಗಳೂ ಆ ಪಟ್ಟಿಯಲ್ಲಿವೆ.

ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯ ಡೋಸ್ ನೋಡಿ ಹೆದರಬೇಡಿ. ದಿನಕ್ಕೆ ತೂಕದ ಕಿಲೋಗೆ ಅರ್ಧದಿಂದ ಒಂದು ಮಿಲಿಗ್ರಾಂ ಕೊಡುವುದು ರೂಢಿ. ಗುಣ ಮಾತ್ರ ನಿಧಾನ. ಬ್ರಿಟನ್ನಿನಲ್ಲಿ 121 ರೋಗಿಗಳ ಮೇಲೆ ಪ್ರೆಡ್ನಿಸೊಲೋನ್ ಮತ್ತು ಸೈಕ್ಲೋಸ್ಪೋರಿನ್ (ರಕ್ಷಣಾ ವ್ಯವಸ್ಥೆಯನ್ನು ತಣಿಸುವ ಇನ್ನೊಂದು ಮದ್ದು) ಎರಡನ್ನೂ ಹೋಲಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡರಲ್ಲೂ ಆರು ತಿಂಗಳಿಗೆ ಹುಣ್ಣು ಪೂರ್ತಿ ವಾಸಿಯಾದದ್ದು 47 ಶೇಕಡಾ ಮಂದಿಗೆ. ವಾರದೊಳಗೆ ಮುಚ್ಚಲಿಲ್ಲ ಎಂದು ಡಾಕ್ಟರನ್ನು ಬದಲಾಯಿಸುತ್ತಾ ಹೋಗಬೇಡಿ. ನನಗೆ ಮೊದಲು ಕಡಿಮೆಯಾದದ್ದು ನೋವು. ಆಮೇಲೆ ನೇರಳೆ ಅಂಚು ಮಾಸಿ ಚಪ್ಪಟೆಯಾಯಿತು. ಗಾತ್ರ ಕಡಿಮೆಯಾದದ್ದು ಅದರ ನಂತರ. ವಾರಕ್ಕೊಮ್ಮೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದರೆ ಅಂದಾಜು ಸಿಗುತ್ತದೆ. ಇದಕ್ಕೆ ಬಗ್ಗದಿದ್ದರೆ ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮ್ಯಾಬ್ ಇಂಜೆಕ್ಷನ್‌ಗಳಿವೆ, ಅವು ಸಂಧಿವಾತಕ್ಕೂ ಕೊಡುವಂಥವು. ಅವಕ್ಕೆ ಮೊದಲು ಟಿಬಿ, ಹೆಪಟೈಟಿಸ್ ಬಿ ಟೆಸ್ಟ್ ಆಗಲೇಬೇಕು.

ಸ್ಟೀರಾಯ್ಡ್ ಬೆಳಗ್ಗೆ ತಿಂಡಿಯಾದ ಮೇಲೆ. "ಸ್ಟೀರಾಯ್ಡ್ ಒಳ್ಳೆಯದಲ್ಲ" ಎಂದು ಯಾರೋ ಹೇಳಿದರೆಂದು ಥಟ್ಟನೆ ನಿಲ್ಲಿಸಬೇಡಿ, ಅದು ಅಪಾಯ. ಶುಗರ್, ಬಿಪಿ ನೋಡಿಸುತ್ತಿರಿ. ಹಲಸಿನ ಹಣ್ಣಿನ ಕಾಲದಲ್ಲಿ ನನ್ನ ಶುಗರ್ ಹಾರಿದ್ದು ಮದ್ದಿನಿಂದ ಮಾತ್ರ ಅಲ್ಲ, ಬಿಡಿ. ಅತ್ತೆ ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಎಂಬ ಮದ್ದು ತಗೊಳ್ಳುತ್ತಿದ್ದರೆ ಅದು ವಾರಕ್ಕೆ ಒಂದೇ ದಿನ, ದಿನವೂ ಅಲ್ಲ. ಮಾತ್ರೆಗಳು ಜಾಸ್ತಿಯಾದಾಗ ಇದು ಕಲೆಸಿಹೋಗುತ್ತದೆ. ಜ್ವರ, ಚಳಿ, ಹುಣ್ಣಿನಿಂದ ವಾಸನೆ ಬಂದರೆ ಅದೇ ದಿನ ತೋರಿಸಿ, ಸ್ಟೀರಾಯ್ಡ್ ಇರುವಾಗ ಸೋಂಕು ಸದ್ದಿಲ್ಲದೆ ಏರುತ್ತದೆ.

ನಮ್ಮಲ್ಲಿ ನೋಡಲು ಬಂದವರೆಲ್ಲ ಮದ್ದು ಹೇಳಿಯೇ ಹೋಗುವುದು. "ಕಮ್ಯುನಿಸ್ಟ್ ಪಚ್ಚ (ಒಂದು ಕಳೆಗಿಡ) ಸೊಪ್ಪಿನ ರಸ ಹಿಂಡಿ", "ಅರಶಿನ ಹಾಕಿ", "ಬದನೆ ನಂಜು, ಬಿಡಿ" ಎನ್ನುತ್ತಾರೆ. ಬದನೆ ಬಿಟ್ಟರೆ ನಷ್ಟವೇನಿಲ್ಲ, ಆದರೆ ಬೇಳೆ, ಮೊಟ್ಟೆ, ಮೀನು ಎಲ್ಲ ನಿಲ್ಲಿಸಿದರೆ ಗಾಯ ತುಂಬಲು ಬೇಕಾದ ಪ್ರೋಟೀನ್ ಎಲ್ಲಿಂದ? ಹುಣ್ಣಿಗೆ ಸೊಪ್ಪಿನ ರಸವೂ ಬೇಡ, ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡೂ ಬೇಡ. ಸಲೈನ್‌ನಲ್ಲಿ ಚೆನ್ನಾಗಿ ನೆನೆಸಿ ಹಳೇ ಡ್ರೆಸ್ಸಿಂಗ್ ಬಿಡಿಸಿ, ಅಂಟದ ಗಾಜ್ ಇಡಿ. ಒಣಗಿದ್ದನ್ನು ಎಳೆದು ಕಿತ್ತರೆ ಅದೂ ಪೆಟ್ಟೇ. ಬಿಗಿಯಾದ ಬ್ಯಾಂಡೇಜ್ ಕಟ್ಟುವ ಮೊದಲು ಕಾಲಿನ ರಕ್ತನಾಳ ಪರೀಕ್ಷಿಸಬೇಕು.

ಇನ್ನೊಂದು, ನಮ್ಮ ಗಡಿಯವರ ತೊಂದರೆ. ತೋರಿಸುವುದು ಮಂಗಳೂರಿನಲ್ಲಿ, ಫೈಲ್ ಇಂಗ್ಲಿಷಿನಲ್ಲಿ, ಡ್ರೆಸ್ಸಿಂಗ್ ಮನೆ ಹತ್ತಿರ ಮಲಯಾಳ ಮಾತಾಡುವ ನರ್ಸ್ ಹತ್ತಿರ. ಫೈಲಿನ ಮೊದಲ ಪುಟದಲ್ಲಿ ಕಾಯಿಲೆಯ ಹೆಸರು, "ಕೆರೆಯಬಾರದು, ಕತ್ತರಿಸಬಾರದು" ಎಂಬುದನ್ನು ಇಂಗ್ಲಿಷಿನಲ್ಲೂ ಮಲಯಾಳದಲ್ಲೂ ಡಾಕ್ಟರ ಕೈಯಲ್ಲೇ ಬರೆಸಿ. ಚರ್ಮದ ಡಾಕ್ಟರು ಮತ್ತು ಸಂಧಿವಾತದ ಡಾಕ್ಟರು ಪರಸ್ಪರ ಫೋನಿನಲ್ಲಾದರೂ ಮಾತಾಡಲಿ, ಇಲ್ಲದಿದ್ದರೆ ಒಬ್ಬರು ಏರಿಸಿದ್ದನ್ನು ಇನ್ನೊಬ್ಬರು ಇಳಿಸುತ್ತಾರೆ.

ಮೊಣಕಾಲಿನ ಆಪರೇಷನ್ ತುರ್ತಿನದ್ದಲ್ಲ. ಹುಣ್ಣು ಹತೋಟಿಗೆ ಬರುವ ತನಕ ಮುಂದೂಡುವ ಬಗ್ಗೆ ಕೇಳಿ. ಮುಂದೆ ಮಾಡಿಸುವಾಗ ಈ ಹುಣ್ಣು ಆಗಿತ್ತು, ಇಷ್ಟು ಕಾಲ ಸ್ಟೀರಾಯ್ಡ್ ತಗೊಂಡಿದ್ದರು ಎಂದು ಸರ್ಜನ್‌ಗೂ ಅರಿವಳಿಕೆ ಕೊಡುವವರಿಗೂ ಮೊದಲೇ ಹೇಳಿ. ಹೊಲಿಗೆ ಹಾಕಿದ ಜಾಗ ನೇರಳೆಯಾಗಿ ಒಡೆಯತೊಡಗಿದರೆ, ಮತ್ತೆ ಚಾಕು ಹಿಡಿಯುವ ಮೊದಲು ಚರ್ಮದ ಡಾಕ್ಟರನ್ನು ಕರೆಸಬೇಕು.